ನೀರು ನೀಲಿ ಇದ್ರೆ ಸಾಕಾ? ಈಜುಕೊಳದ ಬಗ್ಗೆ ಓದುಗರ ಪ್ರಶ್ನೆಗಳು

ಬೇಸಿಗೆ ಬಂತು, ಸ್ವಿಮ್ಮಿಂಗ್ ಕ್ಯಾಂಪ್‌ಗಳ ಬೋರ್ಡು ಎಲ್ಲಾ ಕಡೆ ನೇತಾಡ್ತಿದೆ, ಈ ಸಲ ಬಂದಿರೋ ಪತ್ರ, ವಾಟ್ಸಾಪ್ ಮೆಸೇಜುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಈಜುಕೊಳದ್ದೇ. ಹೆಸರು ಹಾಕ್ಬೇಡಿ ಅಂದವರೇ ಹೆಚ್ಚು, ಹಾಗಾಗಿ ಯಾರದ್ದೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಮೇಡಂ, ನಮ್ಮ ಅಪಾರ್ಟ್‌ಮೆಂಟ್ ಪೂಲ್ ಹತ್ರ ಹೋದ್ರೆ ಸಾಕು, ಕ್ಲೋರಿನ್ ವಾಸನೆ ಗಪ್ ಅಂತ ಮೂಗಿಗೆ ಹೊಡೆಯುತ್ತೆ. ಮಗಳು ಈಜಿ ಬಂದ್ರೆ ಕಣ್ಣು ಕೆಂಪಗೆ, ಒಂದೊಂದು ದಿನ ಕೆಮ್ಮು ಬೇರೆ. ಅಸೋಸಿಯೇಷನ್ ಅವ್ರನ್ನ ಕೇಳಿದ್ರೆ "ವಾಸನೆ ಬರ್ತಿದೆ ಅಂದ್ರೆ ನೀರು ಕ್ಲೀನ್ ಇದೆ ಅಂತ, ಖುಷಿ ಪಡಿ" ಅಂತಾರೆ. ಕ್ಲೋರಿನ್ ಕಮ್ಮಿ ಹಾಕಿ ಅಂತ ಹೇಳ್ಬೇಕಾ? (ಬೆಂಗಳೂರು)

ಉತ್ತರ: ಕಮ್ಮಿ ಹಾಕಿ ಅಂತ ಮಾತ್ರ ಹೇಳ್ಬೇಡಿ! ಚೆನ್ನಾಗಿ ನೋಡ್ಕೊಂಡಿರೋ ಪೂಲ್‌ಗೆ ಅಷ್ಟೆಲ್ಲ ವಾಸನೆ ಇರಲ್ಲ. ನಿಮಗೆ ಮೂಗಿಗೆ ಹೊಡೀತಿರೋದು ಕೆಲಸ ಮಾಡೋ ಕ್ಲೋರಿನ್ ಅಲ್ಲ, ಅದು ಬೆವರು, ಮೂತ್ರ, ಮೈ ಎಣ್ಣೆ, ಸನ್‌ಸ್ಕ್ರೀನ್ ಇವುಗಳ ಜೊತೆ ಸೇರಿ ಆಗಿರೋ ಕ್ಲೋರಮೈನ್ ಅನ್ನೋ ಪದಾರ್ಥ. ಕಣ್ಣು ಉರಿ, ಕೆಮ್ಮು ಎಲ್ಲಾ ಅದರಿಂದಲೇ, ಮೇಲೆ ಛಾವಣಿ ಇರೋ ಒಳಾಂಗಣ ಪೂಲ್ ಆದ್ರಂತೂ ಆ ಗಾಳಿ ನೀರಿನ ಮೇಲೇ ಕೂತಿರುತ್ತೆ, ಸಣ್ಣ ಮಕ್ಕಳ ಮೂಗು ಇರೋದೂ ಅಲ್ಲೇ.

ಅಂದ್ರೆ ಹಾಕಿರೋ ಕ್ಲೋರಿನ್ ಕೊಳೆ ಜೊತೆ ಸೇರಿ ಖರ್ಚಾಗಿ ಹೋಗಿದೆ, ಕ್ರಿಮಿ ಕೊಲ್ಲೋಕೆ ಉಳಿದಿರೋದು ಕಮ್ಮಿ ಅಂತ ಅನುಮಾನ ಪಡಬೇಕಾದ ವಾಸನೆ ಅದು. ನೀವು ಕೇಳಬೇಕಾದ್ದು ಎರಡು ನಂಬರ್: ಫ್ರೀ ಕ್ಲೋರಿನ್ (ಕ್ರಿಮಿ ಕೊಲ್ಲೋಕೆ ಇನ್ನೂ ಉಳಿದಿರೋದು) ಎಷ್ಟು, ಟೋಟಲ್ ಕ್ಲೋರಿನ್ (ಖರ್ಚಾಗಿರೋದೂ ಸೇರಿ) ಎಷ್ಟು. ಎರಡರ ನಡುವಿನ ವ್ಯತ್ಯಾಸವೇ ಈ ಕ್ಲೋರಮೈನ್, ಅದು 0.4 ಪಿಪಿಎಂ, ಅಂದ್ರೆ ಲೀಟರ್ ನೀರಿಗೆ 0.4 ಮಿಲಿಗ್ರಾಂ, ದಾಟಬಾರದು. ದಾಟಿದ್ರೆ ಪೂಲ್ ಮುಚ್ಚಿ ಒಂದು ರಾತ್ರಿ ಜೋರಾಗಿ ಕ್ಲೋರಿನ್ ಕೊಟ್ಟು, ಅಂದ್ರೆ ಕ್ಲೋರಮೈನ್ ಎಷ್ಟಿದೆಯೋ ಅದರ ಹತ್ತರಷ್ಟು ಕೊಟ್ಟು ಅದನ್ನ ಸುಟ್ಟು ಹಾಕ್ಬೇಕು, ಮತ್ತೆ ಮಟ್ಟ ಇಳಿದ ಮೇಲೇ ಜನರನ್ನ ಬಿಡಬೇಕು. ಅರೆಬರೆ ಹಾಕಿದ್ರೆ ವಾಸನೆ ಇನ್ನೂ ಜಾಸ್ತಿ ಆಗುತ್ತೆ, ಆಮೇಲೆ "ಮೇಡಂ ಹೇಳಿದ್ದು ಮಾಡಿದ್ವಿ, ಏನೂ ಆಗ್ಲಿಲ್ಲ" ಅಂತ ನನಗೇ ಫೋನ್ ಬರುತ್ತೆ.

ಇನ್ನೊಂದು, ನಮ್ಮ ಮನೆಗಳಲ್ಲಿ ಒಂದು ಅಭ್ಯಾಸ ಇದೆ, ಕ್ಲೋರಿನ್‌ಗೆ ಕೂದಲು ಹಾಳಾಗುತ್ತೆ ಅಂತ ಮಗು ತಲೆಗೆ ಕೊಬ್ಬರಿ ಎಣ್ಣೆ ಮೆತ್ತಿ ಪೂಲ್‌ಗೆ ಕಳಿಸೋದು. ಮೂವತ್ತು ಮಕ್ಕಳ ಕ್ಯಾಂಪ್‌ನಲ್ಲಿ ಹತ್ತು ತಲೆ ಎಣ್ಣೆ ಇಳಿದ್ರೆ ಆ ಎಣ್ಣೆಗೇ ಕ್ಲೋರಿನ್ ತಿಂದುಹೋಗುತ್ತೆ, ಫಿಲ್ಟರ್ ಮರಳೂ ಜಿಡ್ಡು ಹಿಡಿಯುತ್ತೆ. ಒದ್ದೆ ಕೂದಲಿಗೆ ಟೋಪಿ ಹಾಕಿ, ಇಳಿಯೋ ಮೊದಲು ಒಂದು ನಿಮಿಷ ಶವರ್ ಕೆಳಗೆ ನಿಲ್ಲಿಸಿ, ಮೈಮೇಲಿನ ಬಹುಪಾಲು ಕೊಳೆ ಆ ಒಂದೇ ನಿಮಿಷದಲ್ಲಿ ಹೋಗುತ್ತೆ. ಶವರ್ ಕೆಟ್ಟು ಆರು ತಿಂಗಳಾಗಿರೋ ಪೂಲ್‌ಗಳು ಎಷ್ಟಿಲ್ಲ ಹೇಳಿ!

ಪ್ರಶ್ನೆ: ಮೇಡಮ್ಮಾರ, ನಮಸ್ಕಾರ್ರೀ. ನಮ್ಮ ಕಡೆ ಒಂದು ಈಜುಗೊಳ ಐತ್ರೀ, ವಾರದಾಗ ಎರಡು ಸಲ ನೀರು ಹಸರ ಆಗತೈತಿ. ನೋಡ್ಕೊಳ್ಳಾವ ಬಕೆಟ್‌ನ್ಯಾಗ ಮೈಲುತುತ್ತ ಕರಗಿಸಿ ಸುರೀತಾನ, ಮ್ಯಾಲೆ ಬ್ಲೀಚಿಂಗ್ ಪೌಡರ್ ಉಗ್ಗತಾನ, ಮರುದಿನ ಚಂದ ನೀಲಿ ಆಗತೈತಿ. ಹಂಗಾದ್ರ ನೀರು ಚಲೋ ಆತಲ್ರೀ? (ಹುಬ್ಬಳ್ಳಿ)

ಉತ್ತರ: ನೀಲಿ ಆಯ್ತು ಅಷ್ಟೇ ರೀ, ಚಲೋ ಆಯ್ತೋ ಇಲ್ವೋ ಟೆಸ್ಟ್ ಮಾಡದೆ ಗೊತ್ತಾಗಲ್ಲ. ಮೈಲುತುತ್ತ ಅಂದ್ರೆ ತಾಮ್ರದ ಉಪ್ಪು, ಅಡಿಕೆ ತೋಟದವರು ಸುಣ್ಣದ ಜೊತೆ ಬೆರೆಸಿ ಬೋರ್ಡೋ ದ್ರಾವಣ ಮಾಡಿ ಕೊಳೆರೋಗಕ್ಕೆ ಹೊಡೀತಾರಲ್ಲ, ಅದೇ. ಪಾಚಿ ಸಾಯಿಸುತ್ತೆ ನಿಜ, ಆದ್ರೆ ಕ್ಲೋರಿನ್ ಮಾಡೋ ಕೆಲಸ ಅದರಿಂದ ಆಗಲ್ಲ. ಜಾಸ್ತಿ ಆದ್ರೆ ಗೋಡೆಗೆ ಕಲೆ ಕಟ್ಟುತ್ತೆ, ಕೂದಲು ಹಸಿರು ಛಾಯೆಗೆ ತಿರುಗುತ್ತೆ. ಅದನ್ನ ಕ್ಲೋರಿನ್ ಮೇಲೆ ಹೊರಿಸ್ತಾರೆ ಪಾಪ, ಮಾಡಿದ್ದು ತಾಮ್ರ.

ವಾರಕ್ಕೆ ಎರಡು ಸಲ ಹಸಿರಾಗ್ತಿದೆ ಅಂದ್ರೆ ದಿನಾ ಕ್ಲೋರಿನ್ ನಿಲ್ತಿಲ್ಲ. ಬಯಲಲ್ಲಿರೋ ಪೂಲ್‌ನಲ್ಲಿ ಮಧ್ಯಾಹ್ನದ ಬಿಸಿಲಿಗೆ ಕ್ಲೋರಿನ್ ಒಂದು ಗಂಟೆ ಒಳಗೇ ಅರ್ಧಕ್ಕರ್ಧ ಹಾರಿಹೋಗುತ್ತೆ, ಬೆಳಿಗ್ಗೆ ಐದಕ್ಕೆ ಉಗ್ಗಿದ್ದು ಸಂಜೆ ಬ್ಯಾಚಿಗೆ ಉಳಿದಿರಲ್ಲ. ಇದಕ್ಕೇ ಅಂತ ಸಯನ್ಯೂರಿಕ್ ಆ್ಯಸಿಡ್ ಅನ್ನೋ ಸ್ಟೆಬಿಲೈಸರ್ ಬಳಸ್ತಾರೆ, ಟಿಸಿಸಿಎ ಅನ್ನೋ ಕ್ಲೋರಿನ್ ಮಾತ್ರೆಗಳಲ್ಲಿ ಅದು ಸೇರಿಕೊಂಡೇ ಬರುತ್ತೆ, ಆದ್ರೆ ಅದು ಆವಿಯಾಗಲ್ಲ, ವರ್ಷಗಟ್ಟಲೆ ಮಾತ್ರೆ ಹಾಕ್ತಾ ಹೋದ್ರೆ ನೀರಲ್ಲೇ ಸೇರ್ಕೊಂಡು ಕೊನೆಗೆ ಕ್ಲೋರಿನ್‌ನ ಕೈಯನ್ನೇ ಕಟ್ಟಿಹಾಕುತ್ತೆ. ಆಗ ಸ್ವಲ್ಪ ನೀರು ತೆಗೆದು ಹೊಸದು ತುಂಬಿಸೋದು ಬಿಟ್ಟು ಬೇರೆ ದಾರಿ ಇಲ್ಲ.

ಇನ್ನು ಪಿಎಚ್, ಅಂದ್ರೆ ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನೋ ಅಳತೆ. ಇದನ್ನ ಯಾರೂ ಕೇಳೋದೇ ಇಲ್ಲ, ನನಗೆ ಸಿಟ್ಟು ಬರೋದೇ ಇಲ್ಲಿ. ಪಿಎಚ್ 7.2 ಇದ್ರೆ ಹಾಕಿದ ಕ್ಲೋರಿನ್‌ನಲ್ಲಿ ಮೂರರಲ್ಲಿ ಎರಡು ಪಾಲು ಚುರುಕಾಗಿ ಕೆಲಸ ಮಾಡುತ್ತೆ, 8ಕ್ಕೆ ಏರಿದ್ರೆ ಕಾಲು ಭಾಗ ಮಾತ್ರ. ನಮ್ಮ ಬೋರ್‌ವೆಲ್ ನೀರು ಮೊದಲೇ ಗಡಸು, ಬ್ಲೀಚಿಂಗ್ ಪೌಡರ್ ಬೇರೆ ಪಿಎಚ್ ಏರಿಸುತ್ತೆ, ಹಾಗಾಗಿ ಚೀಲಗಟ್ಟಲೆ ಉಗ್ಗಿದ್ರೂ ಕೆಲಸ ಆಗಲ್ಲ. 7.2ರಿಂದ 7.8ರ ಒಳಗೆ ಇಟ್ಕೊಂಡು, ಫ್ರೀ ಕ್ಲೋರಿನ್ 1 ಪಿಪಿಎಂಗೆ ಕಮ್ಮಿ ಆಗದ ಹಾಗೆ, ಸ್ಟೆಬಿಲೈಸರ್ ಹಾಕ್ತಿದ್ರೆ 2ಕ್ಕೆ ಕಮ್ಮಿ ಆಗದ ಹಾಗೆ ನೋಡ್ಕೋಬೇಕು. ಲೆಕ್ಕ ಕಷ್ಟ ಏನಿಲ್ಲ, ಒಂದು ಲಕ್ಷ ಲೀಟರ್ ನೀರಲ್ಲಿ 1 ಪಿಪಿಎಂ ಏರಿಸೋಕೆ 100 ಗ್ರಾಂ ಶುದ್ಧ ಕ್ಲೋರಿನ್ ಬೇಕು, ಬ್ಲೀಚಿಂಗ್ ಪೌಡರ್‌ನಲ್ಲಿ ಅದು ಮೂರನೇ ಒಂದು ಪಾಲು ಇರುತ್ತೆ ಅಂತ ಇಟ್ಕೊಂಡ್ರೆ 300 ಗ್ರಾಂ ಚಿಲ್ಲರೆ. ಹಳೇ ಚೀಲ, ತೇವ ತಗೊಂಡಿರೋದು ಆದ್ರೆ ಅಷ್ಟೂ ಇರಲ್ಲ.

ಟೆಸ್ಟ್ ಕಿಟ್ ತೋರಿಸಿ ಅನ್ನಿ. ಎರಡು ಹನಿ ಹಾಕಿದ್ರೆ ಹಳದಿ ಆಗೋ ಅಗ್ಗದ ಕಿಟ್ ಎಲ್ಲಾ ಕಡೆ ಇರುತ್ತೆ, ಅದು ತೋರಿಸೋದು ಟೋಟಲ್ ಕ್ಲೋರಿನ್, ಸತ್ತ ಕ್ಲೋರಿನ್ನೂ ಲೆಕ್ಕಕ್ಕೆ ಸೇರುತ್ತೆ. ಗುಲಾಬಿ ಬಣ್ಣ ಬರೋ ಡಿಪಿಡಿ ಮಾತ್ರೆ ಕಿಟ್ ಬೇಕು, ಅದು ಫ್ರೀ ಕ್ಲೋರಿನ್ ಬೇರೆ ಹೇಳುತ್ತೆ. ನೀರು ತೆಗೆಯೋವಾಗ ಮೇಲಿಂದ ಮೇಲೆ ತೆಗೀಬಾರದು, ಮೊಣಕೈ ಮುಳುಗೋವಷ್ಟು ಆಳದಿಂದ, ನೀರು ಒಳಗೆ ಬರೋ ತೂತಿನಿಂದ ದೂರ ನಿಂತು ತೆಗೀಬೇಕು. ಒಂದು ವಿಚಿತ್ರ ಇದೆ: ಕ್ಲೋರಿನ್ ವಿಪರೀತ ಇದ್ರೆ ಗುಲಾಬಿ ಬಣ್ಣ ಬಂದ ಹಾಗೆ ಬಂದು ಮಾಯವಾಗುತ್ತೆ, ನೋಡಿದವನು "ಸೊನ್ನೆ ಇದೆ" ಅಂತ ಇನ್ನೊಂದು ಬಕೆಟ್ ಸುರೀತಾನೆ. ಅನುಮಾನ ಬಂದ್ರೆ ಸ್ಯಾಂಪಲ್‌ಗೆ ಅಷ್ಟೇ ಕುಡಿಯೋ ಫಿಲ್ಟರ್ ನೀರು ಬೆರೆಸಿ ಮತ್ತೆ ಪರೀಕ್ಷೆ ಮಾಡಿ ಬಂದಿದ್ದನ್ನ ಎರಡು ಪಟ್ಟು ಮಾಡ್ಕೊಳ್ಳಿ.

ಕೆಮಿಕಲ್ ರೂಮಿಗೂ ಒಂದು ಕಣ್ಣು ಹಾಯಿಸಿ. ಆ್ಯಸಿಡ್ ಕ್ಯಾನು, ಬ್ಲೀಚಿಂಗ್ ಚೀಲ ಒಂದರ ಪಕ್ಕ ಒಂದು ಇದ್ರೆ ಅಪಾಯ, ಎರಡೂ ಸೇರಿದ್ರೆ ಕ್ಲೋರಿನ್ ಗ್ಯಾಸ್ ಏಳುತ್ತೆ, ಟಿಸಿಸಿಎ ಮಾತ್ರೆಗೆ ಬ್ಲೀಚಿಂಗ್ ತಾಗಿದ್ರೆ ಬೆಂಕಿನೇ ಹತ್ತಬಹುದು. ಎರಡಕ್ಕೂ ಒಂದೇ ಮಗ್ಗು ಬಳಸೋದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಪುಡಿಯನ್ನ ನೀರಿಗೆ ಹಾಕ್ಬೇಕು, ಪುಡಿ ಮೇಲೆ ನೀರು ಹಾಕ್ಬಾರದು. ಆ ಕೆಲಸದ ಹುಡುಗನಿಗೆ ಗ್ಲೌಸು, ಕನ್ನಡಕ ಕೊಟ್ಟಿದ್ದಾರಾ ಅಂತಾನೂ ಕೇಳಿ, ಸಂಬಳ ಕಮ್ಮಿ, ಬೈಗುಳ ಜಾಸ್ತಿ ಇರೋ ಕೆಲಸ ಅದು.

ಪ್ರಶ್ನೆ: ಮಗನಿಗೆ ಮೂರು ದಿನ ಲೂಸ್ ಮೋಷನ್ ಇತ್ತು, ನಿನ್ನೆಯಿಂದ ಸರಿಹೋಗಿದೆ. ಕ್ಯಾಂಪ್ ಫೀಸ್ ಪೂರ್ತಿ ಕಟ್ಟಿಬಿಟ್ಟಿದ್ದೀವಿ, ನಾಳೆಯಿಂದ ಕಳಿಸಬಹುದಾ? ನೀರಲ್ಲಿ ಕ್ಲೋರಿನ್ ಇರುತ್ತಲ್ಲ? (ದಾವಣಗೆರೆ)

ಉತ್ತರ: ನಾಳೆ ಬೇಡ. ಕ್ಲೋರಿನ್ ಎಲ್ಲಾ ಕ್ರಿಮಿಗಳನ್ನೂ ಒಂದೇ ವೇಗದಲ್ಲಿ ಕೊಲ್ಲಲ್ಲ. 1 ಪಿಪಿಎಂ ನೀರಲ್ಲಿ ಅಪಾಯಕಾರಿ ಇ-ಕೋಲಿ ಒಂದು ನಿಮಿಷದೊಳಗೆ ಸಾಯುತ್ತೆ, ಹೆಪಟೈಟಿಸ್ ಎ ವೈರಸ್‌ಗೆ 16 ನಿಮಿಷ, ಜಿಯಾರ್ಡಿಯಾಕ್ಕೆ ಮುಕ್ಕಾಲು ಗಂಟೆ. ಕ್ರಿಪ್ಟೋಸ್ಪೊರಿಡಿಯಂ ಅಂತ ಒಂದಿದೆ ನೋಡಿ, ಅದಕ್ಕೆ ಹತ್ತು ದಿನದ ಮೇಲೆ ಬೇಕು! ಗಟ್ಟಿ ಚಿಪ್ಪಿನೊಳಗೆ ಕೂತಿರುತ್ತೆ, ಒಂದು ಗುಟುಕು ನೀರು ಬಾಯಿಗೆ ಹೋದ್ರೂ ಪಕ್ಕದ ಮಗುವಿಗೆ ಅಂಟಬಹುದು. ಭೇದಿ ನಿಂತ ಮೇಲೂ ಕೆಲವು ದಿನ ಮೈಯಿಂದ ಹೊರಗೆ ಬರ್ತಾ ಇರುತ್ತೆ, ಅದಕ್ಕೇ ಕ್ರಿಪ್ಟೋ ಅಂತ ಡಾಕ್ಟರ್ ಹೇಳಿದ್ರೆ ಪೂರ್ತಿ ಎರಡು ವಾರ ಬಿಟ್ಟು ಕಳಿಸಿ. ಯಾವ ಕ್ರಿಮಿ ಅಂತ ಪರೀಕ್ಷೆನೇ ಮಾಡಿಸಿಲ್ಲ ಅಂದ್ರೆ ನಾನಾಗಿದ್ರೆ ಅಷ್ಟು ದಿನಾನೇ ಕಾಯ್ತೀನಿ. ಕ್ಯಾಂಪಿನವ್ರಿಗೆ ಹೇಳಿ ಮುಂದಿನ ಬ್ಯಾಚಿಗೆ ಹಾಕಿಸ್ಕೊಳ್ಳಿ, ಕಾರಣ ಕೇಳಿದ ಮೇಲೂ ಒಪ್ಪದಿದ್ರೆ ಆ ಕ್ಯಾಂಪ್ ಬಗ್ಗೆ ನಿಮಗೆ ಬೇಕಾದ್ದು ಗೊತ್ತಾಯ್ತು ಅಂತ ಅಂದ್ಕೊಳ್ಳಿ.

ಪೂಲ್ ನಡೆಸೋರಿಗೂ ಒಂದು ಮಾತು. ಗಟ್ಟಿ ಮಲ ಕಂಡ್ರೆ ತೆಗೆದು, ಎಲ್ಲರನ್ನೂ ಹೊರಗೆ ಕಳಿಸಿ, 2 ಪಿಪಿಎಂನಲ್ಲಿ 25 ನಿಮಿಷ ಇಟ್ರೆ ಆಗುತ್ತೆ. ಭೇದಿ ಆದ್ರೆ ಹಾಗಲ್ಲ, 20 ಪಿಪಿಎಂಗೆ ಏರಿಸಿ ಸುಮಾರು ಹದಿಮೂರು ಗಂಟೆ ಇಡಬೇಕು, ಅವತ್ತಿನ ಬ್ಯಾಚುಗಳೆಲ್ಲ ಕ್ಯಾನ್ಸಲ್. ಅದೂ ಸ್ಟೆಬಿಲೈಸರ್ ಇಲ್ಲದ ನೀರಿಗೆ, ಇದ್ರೆ ಇನ್ನೂ ಹೆಚ್ಚು ಹೊತ್ತು.

ಪ್ರಶ್ನೆ: ಕೇರಳದಲ್ಲಿ ಮೆದುಳು ತಿನ್ನೋ ಅಮೀಬಾ ಅಂತ ಟಿವಿಯಲ್ಲಿ ತೋರಿಸ್ತಾನೇ ಇದ್ದಾರೆ. ನಾವು ಗಡಿಯಲ್ಲೇ ಇರೋರು. ಮಕ್ಕಳನ್ನ ಪೂಲ್‌ಗೆ ಬಿಡೋದೇ ಬೇಡ್ವಾ ಅನ್ನಿಸ್ತಿದೆ. (ಮಂಗಳೂರು)

ಉತ್ತರ: ಹೆದರಿಕೆ ಅರ್ಥ ಆಗುತ್ತೆ, ಬಂದವರಲ್ಲಿ ಬಹುತೇಕರು ಉಳಿಯದ ಕಾಯಿಲೆ ಅದು. 2024ರಲ್ಲಿ ಕೇರಳದಲ್ಲಿ ಮಕ್ಕಳು ತೀರಿಕೊಂಡ್ರು, ಅದೇ ವರ್ಷ ಕೋಝಿಕ್ಕೋಡ್‌ನಲ್ಲಿ ಬೇಗ ಪತ್ತೆಯಾಗಿ ಚಿಕಿತ್ಸೆ ಸಿಕ್ಕ ಒಬ್ಬ ಹುಡುಗ ಬದುಕಿಯೂ ಬಂದ. ಆದ್ರೆ ನೆಗ್ಲೇರಿಯಾ ಫೌಲೆರಿ ಅನ್ನೋ ಈ ಅಮೀಬಾ ಹೇಗೆ ಒಳಗೆ ಬರುತ್ತೆ ಅಂತ ತಿಳ್ಕೊಂಡ್ರೆ ಅರ್ಧ ಭಯ ಹೋಗುತ್ತೆ. ಅದು ಬರೋದು ಮೂಗಿನಿಂದ ಮಾತ್ರ, ಕುಡಿದ್ರೆ ಬರಲ್ಲ, ಒಬ್ಬರಿಂದ ಒಬ್ಬರಿಗೆ ಅಂಟಲ್ಲ, ಸಮುದ್ರದ ಉಪ್ಪುನೀರಲ್ಲಿ ಬದುಕಲ್ಲ. ಅದಕ್ಕಿಷ್ಟ ಬೆಚ್ಚಗಿನ ಸಿಹಿನೀರು: ಕೆರೆ, ಮದಗ, ಪಾಳುಬಿದ್ದ ಕಲ್ಯಾಣಿ, ಕ್ಲೋರಿನ್ ಕಾಣದ ಟ್ಯಾಂಕು. ದಿನಾ ಕ್ಲೋರಿನ್ ಸರಿಯಾಗಿ ಇರೋ ಪೂಲ್‌ನಲ್ಲಿ ಅದು ಉಳಿಯಲ್ಲ. ಹಾಗಾಗಿ ನಿಮ್ಮ ಮಕ್ಕಳಿಗೆ ಲೆಕ್ಕ ಇಟ್ಟು ನೋಡ್ಕೊಳ್ಳೋ ಪೂಲ್ ತೋಟದ ಕೆರೆಗಿಂತ ವಾಸಿ, ಲೆಕ್ಕ ಇಲ್ಲದ ಪೂಲ್ ಆದ್ರೆ ಎರಡಕ್ಕೂ ಏನೂ ವ್ಯತ್ಯಾಸ ಇಲ್ಲ.

ಬೇಸಿಗೆಯಲ್ಲಿ ಕೆರೆಗೆ ಧುಮುಕೋದು ತಪ್ಪಿಸಿ, ಇಳಿದ್ರೂ ಮೂಗಿಗೆ ಕ್ಲಿಪ್ ಹಾಕಿ ಅಥವಾ ತಲೆ ಮೇಲೆ ಇಟ್ಕೊಳ್ಳಿ, ತಳದ ಕೆಸರು ಕಲಕ್ಬೇಡಿ. ಮೂಗಿಗೆ ನೀರು ಹಾಕೋ ನೇತಿ ಮಾಡೋರು ಕುದಿಸಿ ಆರಿಸಿದ ನೀರೇ ಬಳಸಿ. ನೀರಲ್ಲಿ ಆಡಿದ ಹನ್ನೆರಡು ದಿನದೊಳಗೆ ಜೋರು ತಲೆನೋವು, ಜ್ವರ, ವಾಂತಿ, ಕುತ್ತಿಗೆ ಬಿಗಿತ ಬಂದ್ರೆ ಮಾತ್ರೆ ಕೊಟ್ಟು ಕಾಯಬೇಡಿ, ದೊಡ್ಡಾಸ್ಪತ್ರೆಗೆ ಹೋಗಿ "ಈಜಿದ್ದ" ಅನ್ನೋದನ್ನ ನೀವಾಗೇ ಹೇಳಿ.

ಪ್ರಶ್ನೆ: ಅಪ್ಪ ಅಮ್ಮನ ಮದುವೆ ವಾರ್ಷಿಕೋತ್ಸವಕ್ಕೆ ಚಿಕ್ಕಮಗಳೂರಲ್ಲಿ ಜಕೂಜಿ ಇರೋ ರೆಸಾರ್ಟ್ ಬುಕ್ ಮಾಡಿದ್ದೀನಿ. ಅಪ್ಪನಿಗೆ ಬಿಪಿ, ಶುಗರ್ ಎರಡೂ ಇದೆ, ವಯಸ್ಸು 66. ತೊಂದ್ರೆ ಇಲ್ವಾ? (ಮೈಸೂರು)

ಉತ್ತರ: ಮೊದಲು ಅವರ ಡಾಕ್ಟರ್‌ನ ಕೇಳಿ. ಅವರು ಓಕೆ ಅಂದ್ರೂ ನೀರು 40 ಡಿಗ್ರಿ ದಾಟಬಾರದು, ಸ್ವಲ್ಪ ಹೊತ್ತಲ್ಲೇ ಎದ್ದು ಬರಬೇಕು, ಏಳೋವಾಗ ಕಂಬಿ ಹಿಡ್ಕೊಂಡು ನಿಧಾನ, ಬಿಸಿನೀರಿಗೆ ಬಿಪಿ ಇಳಿದು ತಲೆ ಸುತ್ತುತ್ತೆ. ಒಂದು ಪೆಗ್ ಹಾಕ್ಕೊಂಡು ಇಳಿಯೋದು ಬೇಡವೇ ಬೇಡ. ಗರ್ಭಿಣಿಯರು ಡಾಕ್ಟರ್ ಕೇಳದೆ ಇಳಿಯಬಾರದು, ಐದು ವರ್ಷದೊಳಗಿನ ಮಕ್ಕಳಿಗಂತೂ ಬೇಡ.

ನನಗೆ ಹೆಚ್ಚು ಚಿಂತೆ ನೀರಿನದ್ದು. ಜಕೂಜಿಯಲ್ಲಿ ನೀರು ಸ್ವಲ್ಪ, ಜನ ಜಾಸ್ತಿ, ಬಿಸಿ ಜಾಸ್ತಿ, ಗುಳ್ಳೆ ಬೇರೆ, ಕ್ಲೋರಿನ್ ಬೇಗ ಖಾಲಿ. ಅದಕ್ಕೇ ಅಲ್ಲಿ 3 ಪಿಪಿಎಂಗೆ ಕಮ್ಮಿ ಇರಬಾರದು. ಕಮ್ಮಿ ಆದ್ರೆ ಲೀಜಿಯೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಬೆಳೆಯುತ್ತೆ, ಗುಳ್ಳೆ ಒಡೆದಾಗ ಹಾರೋ ಸಣ್ಣ ತುಂತುರಿನ ಜೊತೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಮಾಡುತ್ತೆ, ವಯಸ್ಸಾದವರು, ಸಿಗರೇಟ್ ಸೇದೋರು, ಶುಗರ್ ಇರೋರಿಗೆ ಹೆಚ್ಚು. 1999ರಲ್ಲಿ ನೆದರ್‌ಲ್ಯಾಂಡ್ಸ್‌ನ ಬೋವನ್‌ಕಾರ್ಸ್ಪೆಲ್ ಅನ್ನೋ ಊರಿನ ಹೂವಿನ ಪ್ರದರ್ಶನದಲ್ಲಿ ಮಾರಾಟಕ್ಕೆ ಅಂತ ಒಂದು ಬಿಸಿನೀರಿನ ತೊಟ್ಟಿ ತುಂಬಿಸಿ ಆನ್ ಮಾಡಿ ಇಟ್ಟಿದ್ರು. ಪಕ್ಕ ನಡ್ಕೊಂಡು ಹೋದವರಿಗೆ ಕಾಯಿಲೆ ಬಂತು, 32 ಜನ ಸತ್ರು. ನೀರಿಗೆ ಇಳಿಯೋದು ಹೋಗ್ಲಿ, ಮುಟ್ಟದೆ ಇದ್ದವರೂ ಇದ್ರು ಅದರಲ್ಲಿ.

ರೆಸಾರ್ಟ್‌ನವರನ್ನ ಕೇಳಿ: ಕೊನೇ ಸಲ ನೀರು ಖಾಲಿ ಮಾಡಿ ಉಜ್ಜಿದ್ದು ಯಾವಾಗ, ಇವತ್ತಿನ ರೀಡಿಂಗ್ ಎಷ್ಟು. ಅಂಚಿಗೆ ಬೆರಳು ಒರೆಸಿದ್ರೆ ಲೋಳೆ ಲೋಳೆ ಬಂತಾ, ಇಳಿಯೋದೇ ಬೇಡ. ತಳದಲ್ಲಿ ನೀರೆಳೆಯೋ ಜಾಲರಿ ಮುರಿದಿದೆಯಾ ನೋಡಿ. ಅಮೆರಿಕದಲ್ಲಿ 2002ರಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ಹೀಗೇ ಬಿಸಿನೀರಿನ ತೊಟ್ಟಿಯ ತಳಕ್ಕೆ ಅಂಟಿಕೊಂಡು, ದೊಡ್ಡವರು ಎಳೆದ್ರೂ ಬೇಗ ಬಿಡಿಸೋಕಾಗದೆ ತೀರಿಕೊಂಡ್ಳು, 2007ರಲ್ಲಿ ಅವಳ ಹೆಸರಲ್ಲೇ ಅಲ್ಲಿ ಕಾನೂನು ಬಂತು. ಉದ್ದ ಕೂದಲಿನವರು ಗಂಟು ಕಟ್ಕೊಂಡೇ ಇಳೀರಿ.

ಪ್ರಶ್ನೆ: ಅಪಾರ್ಟ್‌ಮೆಂಟ್ ಸೆಕ್ರೆಟರಿ ಬರೀತಿರೋದು. ನಮ್ಮ ಪೂಲ್ ಬರೀ ಐದಡಿ ಆಳ, ಪೋಷಕರು ಇರ್ತಾರೆ, ಸಿಸಿಟಿವಿ ಇದೆ. ಲೈಫ್‌ಗಾರ್ಡ್ ಇಟ್ರೆ ಮೇಂಟೆನೆನ್ಸ್ ಜಾಸ್ತಿ ಆಗುತ್ತೆ ಅಂತ ಜನ ಜಗಳಕ್ಕೆ ಬರ್ತಾರೆ. ಬೇಕೇ ಬೇಕಾ? (ಬೆಂಗಳೂರು)

ಉತ್ತರ: ಬೇಕು ಸರ್. ನವೆಂಬರ್ 2024ರಲ್ಲಿ ಉಳ್ಳಾಲದ ಹತ್ತಿರದ ರೆಸಾರ್ಟ್ ಒಂದರಲ್ಲಿ ಮೈಸೂರಿನ ಮೂವರು ಹುಡುಗಿಯರು ಮುಳುಗಿದ್ರು, ಸಿಸಿಟಿವಿಯಲ್ಲಿ ಎಲ್ಲಾ ರೆಕಾರ್ಡ್ ಆಗಿತ್ತು. ಒಬ್ಬಳು ಆಳದ ಕಡೆ ಜಾರಿದ್ಲು, ಹಿಡಿಯೋಕೆ ಹೋದ ಇಬ್ಬರೂ ಹೋದ್ರು, ಕ್ಯಾಮೆರಾ ನೋಡ್ತಾ ಇತ್ತು ಅಷ್ಟೇ. ಐದಡಿ ಅಂದ್ರಲ್ಲ, ಈಜು ಬರದ ಐದಡಿ ಎತ್ತರದವರಿಗೆ ಅದು ತಲೆ ಮುಳುಗೋ ನೀರು. ಮುಳುಗೋರು ಸಿನಿಮಾ ಥರ ಕೈ ಬೀಸಿ ಕೂಗಲ್ಲ, ಬಾಯಿ ನೀರಿನ ಮಟ್ಟದಲ್ಲೇ ಏರಿ ಇಳಿದು ಸದ್ದಿಲ್ಲದೆ ಹೋಗ್ತಾರೆ, ಪಕ್ಕದಲ್ಲೇ ಫೋನ್ ನೋಡ್ತಾ ಕೂತ ಪೋಷಕರಿಗೂ ಗೊತ್ತಾಗಲ್ಲ. ಗಾಳಿ ತುಂಬೋ ತೋಳಪಟ್ಟಿ ಆಟಿಕೆ, ಅದನ್ನ ನಂಬ್ಬೇಡಿ.

ಲೈಫ್‌ಗಾರ್ಡ್ ಅಂತ ಸೆಕ್ಯುರಿಟಿಯವನಿಗೇ ಟಿ-ಶರ್ಟ್ ಹಾಕಿಸಿ ನಿಲ್ಲಿಸೋದೂ ಆಗಲ್ಲ, ಪೂಲ್ ಉದ್ದಕ್ಕೆ ಈಜೋಕೆ, ತಳದಿಂದ ಒಬ್ಬರನ್ನ ಎತ್ತೋಕೆ, ಸಿಪಿಆರ್ ಮಾಡೋಕೆ ಬರಬೇಕು. ಮುಳುಗಿದವರಿಗೆ ಎದೆ ಒತ್ತೋದರ ಜೊತೆ ಬಾಯಿಗೆ ಉಸಿರು ಕೊಡೋದೂ ಮುಖ್ಯ, ಹೊಟ್ಟೆ ಒತ್ತಿ ನೀರು ತೆಗೀತೀನಿ, ತಲೆಕೆಳಗೆ ಮಾಡಿ ತಿರುಗಿಸ್ತೀನಿ ಅಂತ ಟೈಮ್ ಹಾಳು ಮಾಡಬಾರದು. ಒಬ್ಬರು ಅದನ್ನ ಮಾಡ್ತಿರೋವಾಗಲೇ ಇನ್ನೊಬ್ಬರು 108ಕ್ಕೆ ಫೋನ್ ಮಾಡ್ಬೇಕು. ದಡದಲ್ಲಿ ಉದ್ದ ಕೋಲು, ಹಗ್ಗ ಕಟ್ಟಿದ ರಿಂಗು ಇರಲಿ, ಆಳ ಎಷ್ಟು ಅಂತ ದೊಡ್ಡದಾಗಿ ಕನ್ನಡದಲ್ಲಿ ಬರೆಸಿ, ಆಳ ಶುರುವಾಗೋ ಕಡೆ ಹಗ್ಗ ಕಟ್ಟಿ. ನೀರಿನ ಮೇಲೆ ನಿಂತು ನೋಡಿದ್ರೆ ಆಳದ ತಳದ ಜಾಲರಿ ಸ್ಪಷ್ಟ ಕಾಣಿಸದಿದ್ರೆ ಅವತ್ತು ಪೂಲ್ ಬಂದ್, ಮುಳುಗಿದವರೂ ಕಾಣಿಸಲ್ಲ ಅಂತ ತಾನೇ ಅರ್ಥ.

ಕರೆಂಟು ಮರೀಬೇಡಿ. ಡಿಸೆಂಬರ್ 2023ರಲ್ಲಿ ವರ್ತೂರು ಕಡೆಯ ಅಪಾರ್ಟ್‌ಮೆಂಟ್ ಪೂಲ್‌ನಲ್ಲಿ ಒಂಬತ್ತು ವರ್ಷದ ಹುಡುಗಿ ತೀರಿಕೊಂಡಾಗ ಮೊದಲು ಮುಳುಗಿದ್ದು ಅಂದ್ಕೊಂಡಿದ್ರು, ಮರಣೋತ್ತರ ಪರೀಕ್ಷೆಯಲ್ಲಿ ಕರೆಂಟ್ ಶಾಕ್ ಅಂತ ಬಂತು. ನೀರೊಳಗಿನ ಲೈಟು 12 ವೋಲ್ಟ್‌ದೇ ಇರಲಿ, ಪಂಪ್ ಮತ್ತು ಲೈಟ್ ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಕ್ಷಣ ಲೈನ್ ಕಟ್ ಮಾಡೋ ಸ್ವಿಚ್) ಇರಲಿ, ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ. ನೀರಲ್ಲಿ ಯಾರಿಗಾದ್ರೂ ಜುಮ್ ಅಂದಿದ್ದು ಕಿವಿಗೆ ಬಿದ್ರೆ ಮೊದಲು ಮೇನ್ ಆಫ್ ಮಾಡಿ, ಆಮೇಲೆ ಇಳೀರಿ.

ಪ್ರಶ್ನೆ: ತಿಂಗಳಿಗೊಮ್ಮೆ ನೀರು ಪೂರ್ತಿ ಬದಲಾಯಿಸಿ ಅಂತ ನಮ್ಮಲ್ಲಿ ಒಬ್ಬರು ಹಠ ಹಿಡಿದಿದ್ದಾರೆ. (ಬೆಂಗಳೂರು)

ಉತ್ತರ: 25 ಮೀಟರ್ ಉದ್ದ, 12 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಪೂಲ್ ಅಂದ್ರೆ ನಾಲ್ಕೂವರೆ ಲಕ್ಷ ಲೀಟರ್, 6 ಸಾವಿರ ಲೀಟರಿನ ಟ್ಯಾಂಕರ್ 75 ಬೇಕು. ಮಾರ್ಚ್ 2024ರಲ್ಲಿ ನೀರಿಗೆ ಹಾಹಾಕಾರ ಆದಾಗ ಜಲಮಂಡಳಿ ಕುಡಿಯೋ ನೀರನ್ನ ಈಜುಕೊಳಕ್ಕೆ ಬಳಸಿದ್ರೆ 5 ಸಾವಿರ ದಂಡ ಅಂತ ಆದೇಶ ಮಾಡಿತ್ತು, ನೆನಪಿದೆಯಾ ಅಂತ ಅವರನ್ನ ಕೇಳಿ. ಫಿಲ್ಟರ್ ಓಡಿಸಿ, ಪ್ರೆಷರ್ ಗೇಜ್ ಏರಿದಾಗ ಬ್ಯಾಕ್‌ವಾಶ್ ಮಾಡಿ, ಅಂದ್ರೆ ನೀರನ್ನ ಉಲ್ಟಾ ಹರಿಸಿ ಫಿಲ್ಟರ್ ತೊಳೀರಿ, ಅದರಲ್ಲಿ ಹೋದಷ್ಟು ನೀರು ಹೊಸದು ಸೇರಿಸಿ, ಅಷ್ಟು ಸಾಕು.

ಪ್ರಶ್ನೆ: ಆಂಟಿ, ನಾನು ಏಳನೇ ಕ್ಲಾಸ್. ಪೂಲ್‌ನಲ್ಲಿ ಸುಸು ಮಾಡಿದ್ರೆ ನೀರು ಬಣ್ಣ ಆಗೋ ಕೆಮಿಕಲ್ ಹಾಕಿದ್ದೀವಿ ಅಂತ ಕೋಚ್ ಹೇಳ್ತಾರೆ. ನಿಜಾನಾ? ಅಮ್ಮನಿಗೆ ಹೇಳ್ಬೇಡಿ. (ಶಿವಮೊಗ್ಗ)

ಉತ್ತರ: ಸುಳ್ಳು ಪುಟ್ಟಾ, ಅಂಥ ಕೆಮಿಕಲ್ ಇಲ್ಲ. ಆದ್ರೆ ಬೇರೆ ಥರ ಸಿಕ್ಕಿಬೀಳ್ತೀರಿ. ನಾವು ತಿನ್ನೋ ಎಷ್ಟೋ ತಿಂಡಿ, ಡಯಟ್ ಜ್ಯೂಸುಗಳಲ್ಲಿ ಅಸೆಸಲ್ಫೇಮ್ ಅನ್ನೋ ಸಕ್ಕರೆ ಬದಲಿನ ಸಿಹಿ ಇರುತ್ತೆ, ಅದು ಜೀರ್ಣ ಆಗದೆ ಹಾಗೇ ಮೂತ್ರದಲ್ಲಿ ಬರುತ್ತೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2017ರಲ್ಲಿ ಪೂಲ್ ನೀರಲ್ಲಿ ಆ ಸಿಹಿಯನ್ನ ಅಳೆದು ಲೆಕ್ಕ ಹಾಕಿದ್ರೆ, ಎಂಟು ಲಕ್ಷ ಲೀಟರ್ ದಾಟೋ ಒಂದು ಪೂಲ್‌ನಲ್ಲಿ ಸುಮಾರು 75 ಲೀಟರ್ ಮೂತ್ರ ಸಿಕ್ತು! ಇಳಿಯೋ ಮುಂಚೆ ಟಾಯ್ಲೆಟ್‌ಗೆ ಹೋಗು, ಮಧ್ಯೆ ಬಂದ್ರೆ ಕೋಚ್‌ಗೆ ಕೈ ಎತ್ತಿ ಹೇಳಿ ಎದ್ದು ಹೋಗು, ಅವ್ರು ಬೈದ್ರೆ ಈ ಪುಟ ತೋರಿಸು. ಅಮ್ಮನಿಗೆ ನಾನಂತೂ ಹೇಳಲ್ಲ, ಅವರು ಈ ಮ್ಯಾಗಜೀನ್ ತರಿಸ್ತಾರೆ ಅಂದ್ರೆ ಮಾತ್ರ ನಾನೇನೂ ಮಾಡೋಕಾಗಲ್ಲ.